ಲೆಕ್ಕ ಕತ್ತರಿಸುವ ದಿನ

ಮೆಕ್ಸಿಕೋದಲ್ಲಿ ಕೂತು ಕತೆ ಬರೆಯುವವನು ಯಾರೋ
ದೋನ್ಯ ಎಲ್ವೀರಾಳನ್ನು ಮೆಟ್ಟಿಲ ಮೇಲಿಂದ ತಳ್ಳಿಸಿಬಿಟ್ಟ.
ನೂರ ಹನ್ನೆರಡು ಕಂತು ಆ ಅತ್ತೆಯ ಬಾಯೊಳಗೆ
ತುರ್ಕಿ ನಾಲಿಗೆ ನನ್ನದು.
ಬೈದಿದ್ದೇನೆ, ವಿಷ ಬೆರೆಸಿದ್ದೇನೆ, ಹೊರಳಿ ಅತ್ತಿದ್ದೇನೆ.
ಬುಧವಾರ ಮೂರು ಸಲ ಕಿರುಚಿ ಸತ್ತೆ;
ಎರಡನೆಯದು ಚೆನ್ನಾಗಿತ್ತು ಎಂದರು ಗಾಜಿನಾಚೆಯಿಂದ.

ಅವಳ ಕಂತು ಮುಗಿದವು.
ಬಟ್ಟೆ ಒಗೆಯುವ ಯಂತ್ರದ್ದು ಇನ್ನೂ ಏಳಿವೆ.

ಇಸ್ತಾಂಬುಲ್ಲಿನ ಬ್ಯಾಂಕುಗಳ ಮಾತಿನಲ್ಲಿ
ತಿಂಗಳಿಗೊಮ್ಮೆ ಲೆಕ್ಕ 'ಕತ್ತರಿಸುವ' ದಿನವಿರುತ್ತದೆ.
ನನ್ನದು ಹದಿನೇಳು.
ಸ್ಟುಡಿಯೋದವರಿಗೆ ಅಂಥ ದಿನವಿಲ್ಲ.
"ಈ ವಾರ, ನೂರ್ತೆನ್ ಅಕ್ಕಾ, ದೇವರಾಣೆ ಈ ವಾರ."
ಆ ಒಂದು ವಾರಕ್ಕೆ ಎಷ್ಟು ಸೋಮವಾರವೋ
ಎಣಿಸುವುದು ಬಿಟ್ಟೆ.

ನಮ್ಮ ಕಸುಬಿನಲ್ಲಿ ತುಟಿ ಮೊದಲು ಅಲ್ಲಾಡಿ
ದನಿ ಅರೆಕ್ಷಣ ತಡವಾದರೂ ಸಾಕು,
ಮತ್ತೆ ಮೊದಲಿಂದ.
ಕಾರ್ಡು ಉಜ್ಜಿದಾಗ ತುಟಿ ಇವತ್ತೇ ಅಲ್ಲಾಡುತ್ತದೆ:
ಬೇಳೆ, ಎಣ್ಣೆ, ಕಡಿಕೋಯ್‌ವರೆಗಿನ ದೋಣಿ, ಹಲ್ಲಿನ ಡಾಕ್ಟರು.
ದನಿ ಬರುವುದು ತೊಂಬತ್ತು ದಿನಕ್ಕೆ,
ಬಂದರೆ.
ನಡುವೆ ಬಾಯಿ ಬಿಟ್ಟುಕೊಂಡು ನಿಂತವಳು ನಾನು.
ಆ ಮೌನಕ್ಕೂ ಬಡ್ಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದಳು ಚಿಕ್ಕಮ್ಮ ಮೂನೆವ್ವೆರ್,
ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ
ಹದಿನೈದನೇ ತಾರೀಖಿಗೆ ತಪ್ಪದೆ ಸಂಬಳ ಎಣಿಸಿದವಳು.
ಚಾಚಬಹುದು ಚಿಕ್ಕಮ್ಮ.
ಕಾಲೇನೋ ಎಂದಿನಷ್ಟೇ ಉದ್ದ,
ಹಾಸಿಗೆಗೆ ಮಾತ್ರ ತಿಂಗಳಿಗೊಂದು ಅಳತೆ.
ಮಾರ್ಚಿನಲ್ಲಿ ತಲೆದಿಂಬಿನಷ್ಟಿತ್ತು.
ಮೇ ತಿಂಗಳಲ್ಲಿ ಕಾರ್ಟೂನಿನ ಮೊಲವೊಂದು ಸಿಕ್ಕಿ
ಹೊರಳಾಡುವಷ್ಟು.
ಹೊರಳಾಡಿದೆ.
ಕೆಂಪು ಕೋಟು, ಆರು ಕಂತಿಗೆ.

ಕೆಳಗಿನ ಅಂಗಡಿಯ ಇಸ್ಮೆತ್‌ನದು ಉದ್ರಿ ಪುಸ್ತಕ,
ಹೆಸರಿನ ಮುಂದೆ ಮೊಟ್ಟೆಯ ಲೆಕ್ಕ.
ಬರೆಯುವ ಮುನ್ನ ಅವನು ನನ್ನ ಮುಖ ನೋಡುತ್ತಿದ್ದ,
ನಾನು ಉಪ್ಪಿನಕಾಯಿ ಬಾಟಲಿ ನೋಡುತ್ತಿದ್ದೆ.
ಆ ನಾಚಿಕೆಯಿಂದಲೇ ಎಷ್ಟೋ ಉಳಿಯಿತು.
ಕಾರ್ಡಿನ ಯಂತ್ರ ಯಾರ ಮುಖವನ್ನೂ ನೋಡುವುದಿಲ್ಲ,
ಉಳ್ಳವರಿಗೂ ಇಲ್ಲದವರಿಗೂ
ಒಂದೇ ಟಿಣ್.

ಈಗ ನನ್ನದೊಂದು ನೋಟುಪುಸ್ತಕವಿದೆ, ಪೆನ್ಸಿಲಿನದು.
ಬಂದ ಹಣಕ್ಕೆ ಪುಟವುಂಟು; ಬರಲಿರುವ ಹಣಕ್ಕಿಲ್ಲ,
ದೇವರಾಣೆಗಳಿಗೂ ಇಲ್ಲ.
ಹೋದ ವರ್ಷದ ಅತಿ ಬಡಕಲು ತಿಂಗಳು ಯಾವುದೋ
ಅದನ್ನೇ ಸಂಬಳ ಎಂದುಕೊಂಡು ಬದುಕುವುದು.
ಮಿಕ್ಕಿದ್ದು ಬಂದ ದಿನವೇ ಕಾರ್ಡಿಗೆ,
ಹದಿನೇಳಕ್ಕೆ ಕಾಯದೆ, ಕೈ ತುರಿಸುವ ಮೊದಲು.
ಕಾರ್ಡು ಹೊಲಿಗೆ ಡಬ್ಬಿಯಲ್ಲಿದೆ, ಗುಂಡಿಗಳ ಅಡಿ;
ಬೇಕೆಂದರೆ ಅಷ್ಟನ್ನೂ ಚೆಲ್ಲಬೇಕು.
ಚೆಲ್ಲಿದ್ದೇನೆ ಎರಡು ಸಲ,
ಒಮ್ಮೆ ಬೆಕ್ಕಿನ ಔಷಧಕ್ಕೆ,
ಇನ್ನೊಂದನ್ನು ಹೇಳಲಾರೆ.

ಸೆಪ್ಟೆಂಬರಿನಲ್ಲಿ ಬ್ಯಾಂಕಿನ ಫೋನಿಗೆ ದನಿ ಕೊಡುವ ಕೆಲಸ ಬಂತು.
ಒಂದು ಮಧ್ಯಾಹ್ನ, ನಲವತ್ತು ವಾಕ್ಯ.
"ಬೆಚ್ಚಗಿರಲಿ, ಆದರೆ ನಗಬೇಡಿ" ಎಂದರು.
ಸೊನ್ನೆಯಿಂದ ಒಂಬತ್ತರವರೆಗೆ ಬಿಡಿಬಿಡಿಯಾಗಿ ಓದಿದೆ,
ಯಾರ ಸಾಲಕ್ಕಾದರೂ ಜೋಡಿಸಿಕೊಳ್ಳಲು ಬರುವಂತೆ.
ಹಣ? ತೊಂಬತ್ತು ದಿನಕ್ಕೆ.

ನವೆಂಬರ್ ಹದಿನೆಂಟು. ಎರಡು ವಾರ ಗಡುವು ಕೇಳೋಣವೆಂದು
ಫೋನು ಮಾಡಿದೆ.
ಎತ್ತಿಕೊಂಡವಳು ನಾನು.
ನನ್ನ ಸಾಲವನ್ನು ನನ್ನದೇ ಅಂಕಿಗಳಲ್ಲಿ
ಒಂದೂ ತಪ್ಪದೆ ಓದಿದಳು.
ಬೆಚ್ಚಗಿದ್ದಳು. ನಗಲಿಲ್ಲ.
"ಕನಿಷ್ಠ ಪಾವತಿ" ಎನ್ನುವ ಮುನ್ನ
ಸಣ್ಣದೊಂದು ಉಸಿರು ಎಳೆದುಕೊಂಡದ್ದು ಕೇಳಿಸಿತು;
ಅದನ್ನು ತೆಗೆದುಹಾಕಬೇಕಿತ್ತು, ಯಾರೂ ಗಮನಿಸಿಲ್ಲ.

ಇನ್ನೊಮ್ಮೆ ಕೇಳಲು ಒಂಬತ್ತು ಒತ್ತಿ ಎಂದಳು.
ಒತ್ತಿದೆ.